ಬೋರ್ ಮಾಡ್ಸಿದ ಆರ್‌ಎಕ್ಸ್ 100 ಸ್ಲೋ ಸ್ಪೀಡ್ ನಿಲ್ತಿಲ್ವಾ? ಸ್ಕ್ರೂ ಮುಟ್ಟೋ ಮುಂಚೆ ಇಷ್ಟು ನೋಡಿ

ಯಮಹಾ ಆರ್‌ಎಕ್ಸ್ 100 ಬೈಕಿನ ಎಂಜಿನ್ ಫುಲ್ ಕೆಲ್ಸ ಮಾಡ್ಸಾಗಿದೆ, ಬೋರ್ ಆಗಿದೆ (ಅಂದ್ರೆ ಸವೆದ ಸಿಲಿಂಡರ್‌ನ ಒಳಗಡೆ ಕೊರೆದು ಒಂದ್ ಸೈಜ್ ದೊಡ್ಡದು ಮಾಡಾಗಿದೆ), ಪಿಸ್ಟನ್ನು ರಿಂಗು ಕ್ರ್ಯಾಂಕ್ ಬೇರಿಂಗು ಎಲ್ಲಾ ಹೊಸದು, ಆದ್ರೂ ಕಾರ್ಪೊರೇಷನ್ ಸಿಗ್ನಲಲ್ಲಿ ನಿಂತ್ರೆ ಗಾಡಿ ಆಫ್ ಆಗುತ್ತೆ, ಇಲ್ಲಾಂದ್ರೆ ಎಕ್ಸಲೇಟರ್ ಬಿಟ್ಟಿದ್ರೂ ತಾನಾಗೇ ರೇಸ್ ಆಗ್ತಾ ಇರುತ್ತೆ. ಬೆಂಗ್ಳೂರಲ್ಲಿ ಆರ್‌ಎಕ್ಸ್ ಇಟ್ಕೊಂಡಿರೋರ ಹತ್ರ ಅತಿ ಹೆಚ್ಚು ಕೇಳೋ ಕಂಪ್ಲೇಂಟ್ ಇದೇನೇ. ಆಗ ಎಲ್ರೂ ಮಾಡೋದು ಒಂದೇ, ಸ್ಕ್ರೂಡ್ರೈವರ್ ತಗೊಂಡು ಸೀದಾ ಪೆಟ್ರೋಲು ಗಾಳಿ ಮಿಕ್ಸ್ ಮಾಡೋ ಕಾರ್ಬೊರೇಟರ್‌ಗೆ ಕೈ ಹಾಕೋದು. ದಯವಿಟ್ಟು ಹಾಗ್ ಮಾಡ್ಬೇಡಿ. ಸ್ಲೋ ಸ್ಪೀಡ್, ಅಂದ್ರೆ ಎಕ್ಸಲೇಟರ್ ಬಿಟ್ಟಾಗ ಎಂಜಿನ್ ಆಫ್ ಆಗ್ದೆ ಓಡೋ ಸ್ಪೀಡ್, ಅದನ್ನ ಸೆಟ್ ಮಾಡೋದು ಈ ಇಡೀ ಕೆಲ್ಸದಲ್ಲಿ ಕೊನೇದು, ಮೊದಲ್ನೇದಲ್ಲ. ಬೇರೆ ಎಲ್ಲೋ ಇರೋ ತೊಂದ್ರೆನ ಸ್ಕ್ರೂ ತಿರುಗ್ಸಿ ಮುಚ್ಚಿಟ್ರೆ ಹೊಸ ಪಿಸ್ಟನ್ ಜಾಮ್ ಆಗೋದು ಗ್ಯಾರಂಟಿ, ಮತ್ತೆ ಲೇತ್‌ನವರ ಹತ್ರ ಹೋಗಿ ಇನ್ನೊಂದ್ ಸೈಜ್ ಬೋರ್ ಮಾಡಿಸ್ಬೇಕು. 1996ರಲ್ಲೇ ಪ್ರೊಡಕ್ಷನ್ ನಿಂತೋದ ಗಾಡಿ, ಸಿಲಿಂಡರ್ ಬ್ಲಾಕ್‌ಗೆ ಉಳ್ದಿರೋ ಸೈಜು ಎಷ್ಟು ಅಂತ ಯೋಚ್ನೆ ಮಾಡಿ.

ಯಾಕ್ ಹೀಗೆ ಅಂದ್ರೆ, ಸ್ಲೋ ಸ್ಪೀಡಲ್ಲಿ ಕಾರ್ಬೊರೇಟರ್ (ಕಾರ್ಬ್) ಒಳಗೆ ಗಾಳಿ ದಾರಿ ತೆರೆಯೋ ಸ್ಲೈಡ್ ಒಂದ್ ಚೂರೇ ಚೂರು ಓಪನ್ ಇರುತ್ತೆ, ಪೆಟ್ರೋಲ್ ಹೆಚ್ಚು ಕಮ್ಮಿ ಪೂರ್ತಿ ಪೈಲಟ್ ಜೆಟ್ ಅನ್ನೋ ಸಣ್ಣ ತೂತಿನ ನಳಿಕೆಯಿಂದಾನೇ ಬರುತ್ತೆ. ಒಳಗ್ ಹೋಗೋ ಗಾಳಿನೇ ಅಷ್ಟು ಕಮ್ಮಿ ಇರೋವಾಗ ಕೂದಲೆಳೆಯಷ್ಟು ಲೀಕ್ ಇದ್ರೂ ಮಿಕ್ಸ್ಚರ್ ಕೆಟ್ಟೋಗುತ್ತೆ. ಫುಲ್ ಥ್ರಾಟಲಲ್ಲಿ ಅದೇ ಲೀಕ್ ಗೊತ್ತೇ ಆಗಲ್ಲ. ಅದ್ರ ಮೇಲೆ ಟೂ ಸ್ಟ್ರೋಕಲ್ಲಿ ಪಿಸ್ಟನ್ ಕೆಳಗಿರೋ ಕ್ರ್ಯಾಂಕ್ ಕೇಸೇ ಪಂಪ್ ಥರ ಕೆಲ್ಸ ಮಾಡೋದು, ಹಾಗಾಗಿ ಕ್ರ್ಯಾಂಕ್‌ನ ಎರಡೂ ಕಡೆ ಆಯಿಲ್ ಸೀಲ್ ಸರಿ ಇಲ್ಲ ಅಂದ್ರೆ ಕಾರ್ಬ್ ಎಷ್ಟೇ ಒಳ್ಳೇದಿದ್ರೂ ಪ್ರಯೋಜ್ನ ಇಲ್ಲ. ಎಡಗಡೆ ಮ್ಯಾಗ್ನೆಟ್ ಸೈಡ್ ಸೀಲ್ ಹೋಗಿದ್ರೆ ಹೊರಗಿನ್ ಗಾಳಿ ಎಳ್ಕೊಳ್ಳುತ್ತೆ, ಎಕ್ಸಲೇಟರ್ ಬಿಟ್ರೂ ಆರ್‌ಪಿಎಂ ಮೇಲೇ ನೇತಾಡುತ್ತೆ. ಬಲಗಡೆ ಕ್ಲಚ್ ಸೈಡ್ ಸೀಲ್ ಹೋಗಿದ್ರೆ ಗೇರ್ ಆಯಿಲ್ ಎಳ್ಕೊಂಡು ಸುಡುತ್ತೆ, ಬಿಳೀ ಹೊಗೆ ನಿಲ್ಲೋದೇ ಇಲ್ಲ, ಗೇರ್ ಆಯಿಲ್ ಲೆವೆಲ್ ಇಳೀತಾ ಹೋಗುತ್ತೆ. ಆದ್ರೆ ಹೊಸದಾಗ್ ಕಟ್ಟಿರೋ ಎಂಜಿನಲ್ಲಿ ಫಿಟ್ಟಿಂಗ್ ಟೈಮಲ್ಲಿ ಸವರಿದ ಆಯಿಲ್ಲು, ಸೈಲೆನ್ಸರ್ ಒಳಗಿರೋ ಹಳೇ ಆಯಿಲ್ಲು ಉರಿಯೋ ತನಕ ಹೊಗೆ ಬಂದೇ ಬರುತ್ತೆ, ಅದಕ್ಕೆ ಗಾಬ್ರಿ ಬೇಡ.

ಅದಕ್ಕೇ ಕಾರ್ಬ್ ಹಾಕೋ ಮುಂಚೆನೇ ಪ್ರೆಷರ್ ಟೆಸ್ಟ್ ಮಾಡ್ಸಿ. ಎಷ್ಟೋ ಗ್ಯಾರೇಜಲ್ಲಿ ಇದನ್ನ ಮಾಡೋದೇ ಇಲ್ಲ, ನೀವೇ ಕೇಳಿ ಮಾಡಿಸ್ಬೇಕು, ಇಲ್ಲಾ ಮನೇಲೇ ಮಾಡ್ಕೋಬಹುದು. ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಬಾಯಿಗೆ ಸೈಕಲ್ ಟ್ಯೂಬ್ ತುಂಡು ಇಟ್ಟು ಪ್ಲೇಟಿಂದ ಟೈಟ್ ಮಾಡಿ, ಪ್ಲಗ್ ಹಾಕೇ ಇರ್ಲಿ, ಪಿಸ್ಟನ್ ಕೆಳಗ್ ಇಳ್ಸಿ. ಕಾರ್ಬ್ ಕೂರೋ ರಬ್ಬರ್ ಮ್ಯಾನಿಫೋಲ್ಡ್ ಕಡೆಯಿಂದ ಸಣ್ಣ ಗೇಜ್ ಇರೋ ಹ್ಯಾಂಡ್ ಪಂಪಲ್ಲಿ ಗಾಳಿ ಬಿಡಿ. ಪ್ಲಗ್ ತೂತಿಂದ ಬಿಟ್ರೆ ಗಾಳಿನ ಒಳಗಡೆಗೆ ಮಾತ್ರ ಬಿಡೋ ರೀಡ್ ವಾಲ್ವ್ ಮುಚ್ಕೊಂಡು ಅದ್ರ ಹಿಂದಿರೋ ಮ್ಯಾನಿಫೋಲ್ಡ್ ಟೆಸ್ಟೇ ಆಗಲ್ಲ, ಲೀಕ್ ಜಾಸ್ತಿ ಇರೋ ಜಾಗಗಳಲ್ಲಿ ಅದೂ ಒಂದು. 6 ಪಿಎಸ್ಐ ಹಿಡ್ಸಿ 6 ನಿಮಿಷ ಬಿಡಿ, ಮುಳ್ಳು ಅಲ್ಲೇ ನಿಂತಿರ್ಬೇಕು. ಜಾಸ್ತಿ ಪ್ರೆಷರ್ ಬೇಡ, ಸೀಲೇ ಹೊರಗ್ ಬಂದ್ಬಿಡಬಹುದು. ಮುಳ್ಳು ಇಳಿದ್ರೆ ಸೋಪಿನ್ ನೀರು ಬ್ರಷಲ್ಲಿ ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತೋ ಅಲ್ಲೇ ಲೀಕು. ಮ್ಯಾಗ್ನೆಟ್ ಸೈಡ್ ನೋಡೋಕೆ ಕವರ್ರೂ ಮ್ಯಾಗ್ನೆಟ್ಟೂ ಬಿಚ್ಲೇಬೇಕು, ಬೇಜಾರ್ ಮಾಡ್ಕೋಬೇಡಿ. ಮ್ಯಾನಿಫೋಲ್ಡ್ ರಬ್ಬರ್‌ನ ಬಗ್ಗಿಸಿ ಬೆಳಕಿಗೆ ಹಿಡ್ದು ನೋಡಿ, ಮೇಲ್ನೋಟಕ್ಕೆ ಚೆನ್ನಾಗೇ ಕಾಣೋ ರಬ್ಬರಲ್ಲಿ ಕಬ್ಬಿಣದ್ ಪ್ಲೇಟು ಸೇರೋ ಜಾಗದಲ್ಲಿ ಸಣ್ಣ ಬಿರುಕು ಇರುತ್ತೆ. ಇದ್ರೆ ಜೆಸಿ ರೋಡಿಗೆ ಹೋಗಿ ಹೊಸದೇ ತಗೊಳ್ಳಿ, ಸೊಲ್ಯೂಷನ್ ಹಚ್ಚಿ ಕಾಲ ತಳ್ಳೋದು ಬೇಡ.

ಕಾರ್ಬ್ ವಿಷ್ಯಕ್ಕೆ ಬಂದ್ರೆ, ಗಾಡಿ ಜೊತೆ ಬಂದ ಒರಿಜಿನಲ್ ಮಿಕುನಿ ಕಂಪ್ನಿ ಕಾರ್ಬ್ ಇದ್ರೆ ಅದನ್ನ ಬಿಸಾಕ್ಬೇಡಿ. ಸ್ಲೈಡ್ ಸವೆದು ಲಟಲಟ ಅಂತಿದ್ರೆ ಮಾತ್ರ ಬದಲಾಯಿಸೋ ಮಾತು. ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡೀರಿ, ತೂತು ರೌಂಡಾಗಿ ಕ್ಲೀನಾಗಿ ಕಾಣ್ಬೇಕು, ಪಿನ್ ಹಾಕಿ ಚುಚ್ಚಿದ್ರೆ ತೂತು ದೊಡ್ಡದಾಗುತ್ತೆ, ಕಾರ್ಬ್ ಕ್ಲೀನರ್ ಹಾಕಿ ಗಾಳಿ ಹೊಡೀರಿ ಸಾಕು. ಚೋಕ್ ಪ್ಲಂಜರ್ ಕೆಳಗಿರೋ ರಬ್ಬರ್ ಗಟ್ಟಿಯಾಗಿದ್ರೆ ಚೋಕ್ ಅರ್ಧ ಹಾಕಿದ ಹಾಗೇ ಓಡುತ್ತೆ, ಇದನ್ನ ತುಂಬಾ ಜನ ನೋಡೋದೇ ಇಲ್ಲ. ಕಾರ್ಬ್ ಕೆಳಗಿನ ಬೌಲಲ್ಲಿ ಪೆಟ್ರೋಲ್ ಎಷ್ಟು ನಿಲ್ಬೇಕು ಅಂತ ನೋಡ್ಕೊಳ್ಳೋ ಫ್ಲೋಟ್‌ನ ಲೆವೆಲ್ಲೂ ಚೆಕ್ ಮಾಡಿ.

ಆಮೇಲೆ ಕೇಬಲ್. ಗಾಡಿ ಸ್ಟಾರ್ಟಲ್ಲಿಟ್ಟು ಹ್ಯಾಂಡಲ್‌ನ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗ್ಸಿ, ಸೌಂಡ್ ಚೇಂಜ್ ಆದ್ರೆ ಕೇಬಲ್ ಎಳೀತಿದೆ ಅಂತ ಅರ್ಥ. ಆರ್‌ಎಕ್ಸಲ್ಲಿ ಅದೇ ಕೇಬಲ್ ಆಯಿಲ್ ಪಂಪಿಗೂ ಹೋಗುತ್ತೆ, ಹಾಗಾಗಿ ಪಂಪ್‌ನ ಮಾರ್ಕ್ ಕೂಡ ಮ್ಯಾನ್ಯುಯಲ್ ಪ್ರಕಾರ ಕೂರಿಸ್ಬೇಕು. ಎಂಜಿನ್ ಬಿಚ್ಚಿದ್ಮೇಲೆ ಪಂಪಲ್ಲಿ ಗಾಳಿ ಸೇರ್ಕೊಂಡಿರುತ್ತೆ, ಬ್ಲೀಡ್ ಸ್ಕ್ರೂ ಬಿಚ್ಚಿ ಗುಳ್ಳೆ ಇಲ್ದೆ ಬರೀ ಆಯಿಲ್ ಬರೋ ತನಕ ಬಿಡಿ. ಮೊದ್ಲ ಟ್ಯಾಂಕಿಗೆ ಪಂಪ್ ಇದ್ರೂ ಕೂಡ ಲೀಟರಿಗೆ 20 ಎಂಎಲ್ 2ಟಿ (ಟೂ ಸ್ಟ್ರೋಕ್) ಆಯಿಲ್ ಪೆಟ್ರೋಲಲ್ಲೇ ಮಿಕ್ಸ್ ಮಾಡಿ ಹಾಕಿ, ಸ್ವಲ್ಪ ಹೊಗೆ ಬರ್ಲಿ ಪರ್ವಾಗಿಲ್ಲ, ಪಿಸ್ಟನ್ ಉಳಿಯೋದು ಮುಖ್ಯ. ಮ್ಯಾಗ್ನೆಟ್ ಪ್ಲೇಟಿನ ಮಾರ್ಕ್ ಹಳೇ ಜಾಗಕ್ಕೇ ಕೂತಿದ್ಯಾ, ಪ್ಲಗ್ ಹೊಸದಾ ಅನ್ನೋದನ್ನೂ ನೋಡ್ಕೊಳ್ಳಿ.

ಇಷ್ಟೆಲ್ಲಾ ಸರಿ ಇದ್ರೆ ಈಗ ಸ್ಕ್ರೂಡ್ರೈವರ್ ತಗೋಬಹುದು. ಕಾರ್ಬಲ್ಲಿ ಎರಡು ಸ್ಕ್ರೂ ಇರುತ್ತೆ. ಸ್ಲೈಡ್‌ನ ಮೇಲೆತ್ತೋ ದೊಡ್ಡದು ಸ್ಲೋ ಸ್ಪೀಡ್ ಸ್ಕ್ರೂ, ಏರ್ ಫಿಲ್ಟರ್ ಕಡೆಗಿರೋ ಚಿಕ್ಕದು ಏರ್ ಸ್ಕ್ರೂ. ಏರ್ ಸ್ಕ್ರೂ ಒಳಗ್ ಹೋದಷ್ಟೂ ಗಾಳಿ ಕಮ್ಮಿ ಪೆಟ್ರೋಲ್ ಜಾಸ್ತಿ, ಹೊರಗ್ ಬಂದಷ್ಟೂ ಉಲ್ಟಾ. ಗಾಡಿ ತಣ್ಣಗಿರೋವಾಗ ಟ್ಯೂನ್ ಮಾಡಿದ್ರೆ ಬಿಸಿ ಆದ್ಮೇಲೆ ಎಲ್ಲಾ ತಪ್ಪೋಗುತ್ತೆ, ಹಾಗಾಗಿ ಮೊದ್ಲು ಏರಿಯಾದಲ್ಲೇ ನಿಧಾನಕ್ಕೆ ಒಂದ್ ರೌಂಡ್ ಓಡ್ಸಿ ಬನ್ನಿ. ಗಾಳಿಯಿಂದ ಕೂಲ್ ಆಗೋ ಎಂಜಿನ್ ಇದು, ನಿಲ್ಸಿ ಟ್ಯೂನ್ ಮಾಡೋವಾಗ ಎದುರಿಗೆ ಒಂದ್ ಟೇಬಲ್ ಫ್ಯಾನ್ ಇಡಿ, ಗೇಟ್ ಹೊರಗೆ ಗಾಳಿ ಆಡೋ ಜಾಗದಲ್ಲೇ ಮಾಡಿ.

ಏರ್ ಸ್ಕ್ರೂನ ಮೆಲ್ಲಗೆ ಪೂರ್ತಿ ಒಳಗ್ ಕೂರ್ಸಿ, ಬಿಗಿ ಮಾಡ್ಬೇಡಿ, ತುದಿ ಹಾಳಾಗುತ್ತೆ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಸ್ಲೋ ಸ್ಪೀಡ್ ಸ್ಕ್ರೂ ಇಂದ ಗಾಡಿ ಆಫ್ ಆಗದಷ್ಟು ಎತ್ತಿಟ್ಕೊಳ್ಳಿ. ಈಗ ಏರ್ ಸ್ಕ್ರೂನ ಕಾಲ್ ಸುತ್ತು ತಿರುಗ್ಸಿ, ಸುಮ್ನೆ ನಿಂತು ಕೇಳಿ, ಟೂ ಸ್ಟ್ರೋಕ್ ತಕ್ಷಣ ಉತ್ರ ಕೊಡಲ್ಲ, ನಾಲ್ಕೈದು ಸೆಕೆಂಡ್ ಬೇಕು. ಪೆಟ್ರೋಲ್ ಜಾಸ್ತಿ ಇದ್ರೆ ಒಂದ್ ಸಲ ಬಿಟ್ಟು ಒಂದ್ ಸಲ ಉರಿಯುತ್ತೆ, ಡುಬ್... ಡುಬ್ ಅಂತ ಭಾರವಾಗಿ, ಹ್ಯಾಂಡಲ್ ಅಲ್ಲಾಡುತ್ತೆ. ಸ್ಕ್ರೂ ಹೊರಗ್ ಬರ್ತಾ ಬರ್ತಾ ಆ ಗ್ಯಾಪ್ ಕಮ್ಮಿ ಆಗಿ ಸೌಂಡ್ ತೆಳ್ಳಗೆ ಒಂದೇ ಸಮ ಆಗುತ್ತೆ, ಆರ್‌ಪಿಎಂ ಏರುತ್ತೆ, ಇನ್ನೂ ಹೊರಗ್ ತಂದ್ರೆ ಮತ್ತೆ ಬೀಳೋಕೆ ಶುರು. ಅತಿ ಮೇಲಿರೋ ಪಾಯಿಂಟ್ ಹಿಡ್ಕೊಂಡು ಸ್ಲೋ ಸ್ಪೀಡ್ ಸ್ಕ್ರೂ ಇಳ್ಸಿ, ಮತ್ತೆ ಏರ್ ಸ್ಕ್ರೂ ನೋಡಿ, ಎರಡ್ಮೂರು ಸಲ ಹೀಗ್ ಮಾಡಿದ್ರೆ ಪಾಯಿಂಟ್ ಸಿಗುತ್ತೆ. ಹೊಸ ಎಂಜಿನ್ ಆದ್ರಿಂದ ಕೊನೇಲಿ ಕಾಲ್ ಸುತ್ತು ಒಳಗೆ ತಗೊಳ್ಳಿ.

ಆಮೇಲೆ ಒಂದ್ ಸಲ ರೇಸ್ ಕೊಟ್ಟು ಬಿಡಿ. ಆರ್‌ಪಿಎಂ ಮೇಲೇ ನಿಂತು ನಿಧಾನಕ್ಕೆ ಇಳಿದ್ರೆ ಮಿಕ್ಸ್ಚರ್ ಲೀನ್, ಅಂದ್ರೆ ಪೆಟ್ರೋಲ್ ಕಮ್ಮಿ. ತೀರಾ ಕೆಳಗ್ ಬಿದ್ದು ಆಮೇಲೆ ಎದ್ದು ನಿಂತ್ರೆ ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ. ಬೆಸ್ಟ್ ಪಾಯಿಂಟ್ ಒಂದು ಸುತ್ತಿಗಿಂತ ಒಳಗೆ ಸಿಕ್ರೆ ಪೈಲಟ್ ಜೆಟ್ ಚಿಕ್ಕದಾಯ್ತು, ಎರಡೂವರೆ ಸುತ್ತು ದಾಟಿದ್ರೆ ದೊಡ್ಡದಾಯ್ತು. ಎಲ್ಲೂ ಪಾಯಿಂಟೇ ಸಿಗಲ್ಲ, ಸ್ಕ್ರೂ ತಿರುಗ್ಸಿದ್ರೂ ಏನೂ ಬದಲಾಗಲ್ಲ ಅಂದ್ರೆ ಜೆಟ್ ಬ್ಲಾಕ್ ಆಗಿದೆ ಇಲ್ಲಾ ಲೀಕ್ ಉಳ್ಕೊಂಡಿದೆ, ವಾಪಸ್ ಹೋಗಿ ನೋಡ್ಲೇಬೇಕು.

ನಮ್ಮೂರಿನ್ ಲೆಕ್ಕ ಇನ್ನೊಂದಿದೆ. ಬೆಂಗ್ಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಮಂಗ್ಳೂರಿಗಿಂತ ಗಾಳಿ ಸುಮಾರು 10% ತೆಳು, ಅಲ್ಲಿ ಸೆಟ್ ಮಾಡಿದ ಗಾಡಿ ಇಲ್ಲಿ ಸ್ವಲ್ಪ ರಿಚ್ ಓಡುತ್ತೆ. ಆದ್ರೆ ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಎಥನಾಲಲ್ಲೇ ಆಕ್ಸಿಜನ್ ಇರೋದ್ರಿಂದ ಅದು ಲೀನ್ ಕಡೆ ಎಳೀತದೆ. ಹಾಗಾಗಿ ಹಳೇ ಪುಸ್ತಕದ ಜೆಟ್ ನಂಬರ್ ಇವತ್ತಿನ ಪೆಟ್ರೋಲಿಗೆ ಕೂರುತ್ತೆ ಅಂತ ಹಠ ಹಿಡೀಬೇಡಿ, ಕಿವಿ ಹೇಳಿದ್ದನ್ನ ಕೇಳಿ. ಗಾಡಿನ ವಾರಗಟ್ಟಲೆ ನಿಲ್ಸೋದಾದ್ರೆ ಫ್ಲೋಟ್ ಬೌಲ್ ಖಾಲಿ ಮಾಡಿ, ಎಥನಾಲ್ ತೇವ ಎಳ್ಕೊಳ್ಳುತ್ತೆ, ಮೊದ್ಲು ಬ್ಲಾಕ್ ಆಗೋದೇ ಪೈಲಟ್ ಜೆಟ್.

ಕಿವಿ ಮೇಲೆ ನಂಬಿಕೆ ಬರ್ಲಿಲ್ಲ ಅಂದ್ರೆ ಎಮಿಷನ್ ಟೆಸ್ಟ್ ಅಂಗಡಿಗೆ ಹೋಗಿ, ಅವ್ರು ಟೆಸ್ಟ್ ಮಾಡೋದೇ ಸ್ಲೋ ಸ್ಪೀಡಲ್ಲಿ. 2000ಕ್ಕೆ ಮುಂಚಿನ ಬೈಕಿಗೆ ಸಿಒ (ಕಾರ್ಬನ್ ಮೊನಾಕ್ಸೈಡ್) ಲಿಮಿಟ್ 4.5%. ಟೂ ಸ್ಟ್ರೋಕಲ್ಲಿ ಉರೀದೆ ಇರೋ ಪೆಟ್ರೋಲ್ ಸೀದಾ ಹೊರಗ್ ಹೋಗೋದ್ರಿಂದ ಹೆಚ್‌ಸಿ (ಹೈಡ್ರೋಕಾರ್ಬನ್) ಯಾವಾಗ್ಲೂ ಜಾಸ್ತಿನೇ ತೋರ್ಸುತ್ತೆ, ರಿಚ್ಚಾ ಲೀನಾ ಅಂತ ಅಂದಾಜು ಸಿಗೋದು ಸಿಒ ನಂಬರಲ್ಲಿ.

ರಿಂಗ್ ಕೂರೋ ತನಕ ಕಂಪ್ರೆಷನ್ ಪೂರ್ತಿ ಬರಲ್ಲ, ಹೊಸದ್ರಲ್ಲಿ ಸ್ಲೋ ಸ್ಪೀಡ್ ಸ್ವಲ್ಪ ಏರಿಳಿತ ಇರೋದು ಸಹಜ. ಮೊದ್ಲಿಗೆ 1500 ಆರ್‌ಪಿಎಂ ಹತ್ರ ಇಡಿ. ಮೀಟರಲ್ಲಿ ಆರ್‌ಪಿಎಂ ಇಲ್ಲ, ಪ್ಲಗ್ ವಯರಿಗೆ ಸುತ್ತೋ ಸಣ್ಣ ಡಿಜಿಟಲ್ ಟ್ಯಾಕೋ ಸಿಗುತ್ತೆ, ಅದು ಸಾಕು. ಶುರುವಲ್ಲಿ ಬಿಸಿ ಮಾಡಿ ಪೂರ್ತಿ ತಣ್ಣಗಾಗೋಕೆ ಬಿಡಿ, ಮೂರ್ನಾಲ್ಕು ಸಲ. ಆಮೇಲೆ ಒಂದೇ ಸ್ಪೀಡಲ್ಲಿ ತುಂಬಾ ಹೊತ್ತು ಓಡಿಸ್ಬೇಡಿ, ಮೇಖ್ರಿ ಸರ್ಕಲ್ ಏರಲ್ಲಿ ಟಾಪ್ ಗೇರಲ್ಲಿ ಎಳೆಸ್ಬೇಡಿ, ಗೇರ್ ಇಳ್ಸಿ. 500 ಕಿಲೋಮೀಟರ್ ಆದ್ಮೇಲೆ ಹೆಡ್ ನಟ್ ತಣ್ಣಗಿರೋವಾಗ ಒಂದ್ಸಲ ಟಾರ್ಕ್ ಚೆಕ್ ಮಾಡ್ಸಿ, ಏರ್ ಸ್ಕ್ರೂ ಮೊದ್ಲಿಂದ ಸೆಟ್ ಮಾಡಿ, ಆಗ 1300-1400ಕ್ಕೆ ಇಳಿಸ್ಕೋಬಹುದು.