ನೆಲದ ಮೇಲೆ ಎದ್ದು ನಿಂತ ಪೆಟ್ಟಿಗೆ

ಸಮತಟ್ಟಾದ ನೆಲದ ಮೇಲೆ 80 ಸೆಂಟಿಮೀಟರ್ ಎತ್ತರದ ಮರದ ಪೆಟ್ಟಿಗೆಯೊಂದು ನಿಂತಂತೆ ಕಾಣುವ ಚಿತ್ರವನ್ನು ಮೊದಲ ಬಾರಿ ಬರೆದಾಗ ಕುಂಚಕ್ಕಿಂತ ಹೆಚ್ಚು ದುಡಿದದ್ದು ಒಂದು ದಾರ. ನೋಡುಗರ ಕಣ್ಣು ಇರಬೇಕಾದ ಜಾಗದಲ್ಲಿ ಕೋಲೊಂದನ್ನು ನಿಲ್ಲಿಸಿ, ನೆಲದಿಂದ 160 ಸೆಂಟಿಮೀಟರ್ ಎತ್ತರಕ್ಕೆ ಮೊಳೆ ಹೊಡೆದು ದಾರ ಕಟ್ಟಿದೆ. ಅಲ್ಲಿಂದ 2 ಮೀಟರ್ ಮುಂದೆ ಪೆಟ್ಟಿಗೆಯ ಮುಂಬದಿಯ ಅಳತೆಗೆ ಕತ್ತರಿಸಿದ ರಟ್ಟನ್ನು ನೆಟ್ಟಗೆ ನಿಲ್ಲಿಸಿ, ದಾರವನ್ನು ಅದರ ಅಂಚಿಗೆ ತಾಗಿಸಿ ಬಿಗಿಯಾಗಿ ಎಳೆದು, ಅದು ನೆಲ ಮುಟ್ಟಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತ ಹೋದೆ.

ರಟ್ಟಿನ ಮೇಲಂಚು ಕೋಲಿನಿಂದ 4 ಮೀಟರ್ ದೂರಕ್ಕೆ ಹೋಗಿ ಬಿತ್ತು. 80 ಸೆಂಟಿಮೀಟರಿನ ಮುಖ ನೆಲದ ಮೇಲೆ 2 ಮೀಟರ್ ಉದ್ದವಾಗಿ, ಮೇಲಂಚಿನ ಅಗಲ ಬುಡದ ಅಗಲದ ಎರಡರಷ್ಟಾಗಿತ್ತು. ಈ ಹಿಗ್ಗು ಎಲ್ಲೆಡೆ ಒಂದೇ ಸಮನಲ್ಲ: ಕೆಳಗಿನ ಅರ್ಧಕ್ಕೆ ಸುಮಾರು 67 ಸೆಂಟಿಮೀಟರ್, ಮೇಲಿನ ಅರ್ಧಕ್ಕೆ 133. ಅದನ್ನು ಮರೆತು ಹಲಗೆಗಳ ಗೆರೆಗಳನ್ನು ಸಮ ಅಂತರದಲ್ಲಿ ಎಳೆದುಬಿಟ್ಟಿದ್ದರಿಂದ ಮೇಲಿನ ಹಲಗೆಗಳು ಪಟ್ಟಿಯಂತೆ ಕಿರಿದಾಗಿ ಕಂಡವು, ಎಲ್ಲವನ್ನೂ ಅಳಿಸಬೇಕಾಯಿತು.

ಗೆರೆ ಸರಿಹೋದರೂ ಪೆಟ್ಟಿಗೆ ಏಳಲಿಲ್ಲ. ಕಿಟಕಿ ಬಲಗಡೆಯಿದ್ದಾಗ ನಾನು ನೆರಳನ್ನೂ ಬಲಕ್ಕೇ ಬರೆದಿದ್ದೆ. ನೆರಳು ನೆಲದ ಮೇಲೆಯೇ ಮಲಗಿರುವಂಥದ್ದಾದ್ದರಿಂದ ಅದಕ್ಕೆ ದಾರದ ಲೆಕ್ಕ ಬೇಡ, ನಿಜವಾದ ಅಳತೆಯಲ್ಲೇ ಬರೆಯಬಹುದು. ಎಡಕ್ಕೆ ಬದಲಿಸಿ, ಬುಡಕ್ಕೆ ಅಂಟಿದಂತೆ ಪೆನ್ಸಿಲ್ ದಪ್ಪದ ಕಡುಗಪ್ಪು ಗೆರೆಯೊಂದನ್ನು ಕೊಟ್ಟು, ಹೊರಕ್ಕೆ ಹೋದಂತೆ ತೆಳುಮಾಡಿದ ಮೇಲೆಯೇ ಪೆಟ್ಟಿಗೆಗೆ ತೂಕ ಬಂತು. ನನ್ನ ಮಟ್ಟಿಗೆ ಭ್ರಮೆಯ ಅರ್ಧ ಪಾಲು ಆ ಗೆರೆಯದೇ.

ಕುಳ್ಳಗಿನ ಮಗು ಬಂದು ನಿಂತರೆ ಚಿತ್ರ ಕೆಡುವುದೆಂದು ಹೆದರಿದ್ದೆ. ಹಾಗಾಗಲಿಲ್ಲ: 110 ಸೆಂಟಿಮೀಟರ್ ಎತ್ತರದ ಕಣ್ಣಿಗೆ ಪೆಟ್ಟಿಗೆ 55 ಸೆಂಟಿಮೀಟರಿನದಾಗಿ ಗಿಡ್ಡವಾಗುತ್ತದೆಯೇ ಹೊರತು ಸೊಟ್ಟಗಾಗುವುದಿಲ್ಲ. ಪಕ್ಕಕ್ಕೆ ಸರಿದರೆ ಮಾತ್ರ ಅದು ಸರಿದವರ ಕಡೆಗೇ ವಾಲುತ್ತದೆ. ಆದ್ದರಿಂದ ನಿಲ್ಲುವ ಜಾಗವನ್ನು ಗುರುತಿಸಿಯೇ ತೀರಬೇಕು. ರೋಮ್‌ನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ ಆಂಡ್ರಿಯಾ ಪೊಝೊ 1685ರಲ್ಲಿ ಚಪ್ಪಟೆ ಕ್ಯಾನ್ವಾಸಿನ ಮೇಲೆ ಬರೆದ ಗುಮ್ಮಟಕ್ಕೂ ನೆಲದಲ್ಲಿ ಅಂಥ ಗುರುತೊಂದಿದೆ. ನನ್ನದು ಬಿಳಿ ಬಣ್ಣದ ಎರಡು ಪಾದ.

ಆ ಪಾದಗಳ ಮೇಲೆ ನಿಂತವರಿಗೂ ಎರಡು ಕಣ್ಣು ತೆರೆದಿದ್ದರೆ ನೆಲದ ಚಪ್ಪಟೆತನ ಸ್ವಲ್ಪ ಗೊತ್ತಾಗಿಬಿಡುತ್ತದೆ. ಒಂದೇ ಕಣ್ಣಿನ ಫೋನ್ ಕ್ಯಾಮೆರಾ ಮಾತ್ರ ಪೂರ್ತಿ ಮೋಸಹೋಗುತ್ತದೆ. ಆದ್ದರಿಂದ ಬಂದವರಿಗೆ ನಾನು ಮೊದಲು ಒಂದು ಕಣ್ಣು ಮುಚ್ಚಲು ಹೇಳುತ್ತೇನೆ.