ದುಡಿಯುವ ಸನಿಕೆಗೆ ತುಕ್ಕು ಹಿಡಿಯಲ್ಲ: ಪುಟ್ಟ ಸಾಮಾನಿಗೆ ಬಣ್ಣ ಹಾಕಿದ ನನ್ನ ಅನುಭವ

ಕೆಜಿಎಫ್ ಚಿನ್ನದ ಗಣಿಯ ಸಾಮಾನು ಕೊಠಡಿಯೊಂದರ ಪುಟ್ಟ ಮಾದರಿಯನ್ನು 1/35 ಅಳತೆಯಲ್ಲಿ, ಅಂದರೆ ನಿಜದ್ದಕ್ಕಿಂತ ಮೂವತ್ತೈದು ಪಟ್ಟು ಚಿಕ್ಕದಾಗಿ, ಮಾಡಿ ಮುಗಿಸಿದ್ದೇನೆ. ಪಿಕಾಸಿ, ಸನಿಕೆ, ಗಡಾರಿ, ಸುತ್ತಿಗೆ, ಬಾಂಡ್ಲಿ ಎಲ್ಲ ಸೇರಿ ನಲವತ್ತರ ಹತ್ತಿರ ಇವೆ. ಬೆಳ್ಳಿ ಬಣ್ಣ ಮುಟ್ಟದೆ ಕಬ್ಬಿಣ ತೋರಿಸೋಕೆ ಆಗಲ್ಲ ಅಂತ ಕೋಲಾರದ ಗೆಳೆಯರೆಲ್ಲ ಹೇಳಿದ್ದರು. ಈಗ ಅವರೇ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಗಣಿ 2001ರಲ್ಲೇ ಮುಚ್ಚಿತಲ್ವಾ, ಎಲ್ಲಕ್ಕೂ ತುಕ್ಕು ಬಳಿ ಅಂತಲೂ ಅಂದರು. ನಾನು ತೋರಿಸಿದ್ದು ಗಣಿ ನಡೆಯುತ್ತಿದ್ದ ಕಾಲ. ದಿನಾ ದುಡಿಯುವ ಸನಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮಣ್ಣು ಉಜ್ಜಿ ಉಜ್ಜಿ ಬಾಯಿ ಬೆಳ್ಳಗಿರುತ್ತದೆ. ತುಕ್ಕು ಇರುವುದು ಕಾವು ಸೇರುವ ಸಂದಿಯಲ್ಲಿ. ಕಾವಿನಲ್ಲೂ ಕೈ ಹಿಡಿಯುವ ಜಾಗ ಮಾತ್ರ ಬೆವರು ಕುಡಿದು ಕಪ್ಪಾಗಿ ನುಣುಪಾಗಿರುತ್ತದೆ, ಉಳಿದದ್ದು ಮಾಸಲು. ನನ್ನ ಕೆಲಸವೆಲ್ಲ ಇದರ ಮೇಲೇ ನಿಂತಿದೆ.

ತುಕ್ಕಿನ ಬಣ್ಣದ ಮೇಲೆ ಉಪ್ಪಿನ ಹರಳು ಅಂಟಿಸಿ, ಮೇಲೆ ಬಣ್ಣ ಹೊಡೆದು, ಆಮೇಲೆ ಉಪ್ಪು ಉದುರಿಸಿ ಕಲೆ ತೋರಿಸುವ ವಿಧಾನ ಯುದ್ಧ ಟ್ಯಾಂಕಿನ ಮಾದರಿಗೆ ಸರಿ, ಇಲ್ಲಿ ಸೋತಿತು. ಪುಡಿ ಉಪ್ಪಿನ ಒಂದು ಹರಳು ಸುಮಾರು 0.3 ಮಿ.ಮೀ. ಮೂವತ್ತೈದರಿಂದ ಗುಣಿಸಿ: ನಿಜವಾದ ಸನಿಕೆಯ ಮೇಲೆ ಒಂದು ಸೆಂಟಿಮೀಟರ್ ಕಲೆ ಇದ್ದ ಹಾಗೆ! ನನ್ನ ಮಾದರಿಯಲ್ಲಿ ಕಾವು ಸೇರಿ ಪೂರ್ತಿ ಸನಿಕೆಯೇ ಮೂರು ಸೆಂಟಿಮೀಟರ್ ಉದ್ದ. ಎರಡು ಬಣ್ಣಗಳ ನಡುವೆ ಹೇರ್ ಸ್ಪ್ರೇ ಹಾಕಿ ಮೇಲಿನದನ್ನು ಕೆರೆದರೆ ಅಂಚಿನ ಬಣ್ಣವೆಲ್ಲ ಎದ್ದು ಬಂತು. ಹೊರದೇಶದ ತುಕ್ಕಿನ ಪುಡಿಗಳಿಗೆ ಎರಡು ಸಾವಿರದ ಹತ್ತಿರ ಸುರಿದೆ. ಬಣ್ಣ ಚೆನ್ನಾಗಿವೆ, ಆದರೆ ನಮ್ಮ ಮಣ್ಣಿನ ಕೆಂಪು ಅದರಲ್ಲಿಲ್ಲ.

ಗೆದ್ದದ್ದು ಹೀಗೆ. ಕಪ್ಪಿಗೆ ಸ್ವಲ್ಪ ಕಂದು ಬೆರೆಸಿದ ಅಕ್ರಿಲಿಕ್ ತೆಳುವಾಗಿ ಹೊಡೆದು ಒಂದು ದಿನ ಬಿಡುತ್ತೇನೆ. ಸಂದಿಗಳಿಗೆ ಬರ್ಂಟ್ ಅಂಬರ್ ಅನ್ನುವ ಕಡುಕಂದು ಆಯಿಲ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳು ಮಾಡಿ ಇಳಿಸುತ್ತೇನೆ. ಆಮೇಲೆ ಮ್ಯಾಟ್ ವಾರ್ನಿಷ್, ಅಂದರೆ ಹೊಳಪಿಲ್ಲದ್ದು. ಮಳೆ ಬರುವ ದಿನ ಇದಕ್ಕೆ ಕೈ ಹಾಕಬೇಡಿ, ಬೆಳ್ಳಗೆ ಮಂಜು ಕಟ್ಟುತ್ತದೆ. ಕಟ್ಟಕಡೆಗೆ 6ಬಿ ಪೆನ್ಸಿಲನ್ನು ಉಪ್ಪುಕಾಗದಕ್ಕೆ ಉಜ್ಜಿ, ಆ ಪುಡಿಯನ್ನು ಬೆರಳ ತುದಿಯಿಂದ ಅಂಚಿಗೆ ಮಾತ್ರ ತಿಕ್ಕುವುದು. ವಾರ್ನಿಷ್ ಆಮೇಲೆ ಹೊಡೆದರೆ ಆ ಹೊಳಪು ಸತ್ತುಹೋಗುತ್ತದೆ, ಅದಕ್ಕೇ ಈ ಕ್ರಮ. ಪೆನ್ಸಿಲ್ ಇಪ್ಪತ್ತು ರೂಪಾಯಿಯೋ ಏನೋ, ಇನ್ನೂ ಅರ್ಧ ಉಳಿದಿದೆ.

ಮಣ್ಣಂತೂ ಬಿಟ್ಟಿ. ತೋಟದ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತ ಕೂಡಲೇ ಮೇಲಿನ ಕೆಂಪು ನೀರನ್ನು ತಟ್ಟೆಗೆ ಬಗ್ಗಿಸಿ ಒಣಗಿಸುತ್ತೇನೆ. ಎರಡು ಮೂರು ಸಲ ಹೀಗೆ ಮಾಡಿದರೆ ಉಗುರಿನ ಮೇಲೆ ಉಜ್ಜಿದರೂ ತರಿ ಸಿಗಲ್ಲ. ಅದನ್ನು ಯಾವುದರಲ್ಲಿ ಕಲಸಿ ಅಂಟಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದು ಆದ ಕೆಜಿಎಫ್‌ನ ಸೈನೈಡ್ ಗುಡ್ಡದ ಬಣ್ಣವೂ ಬೇಕಿತ್ತು. ಅಲ್ಲಿಯ ಧೂಳನ್ನು ಮಾತ್ರ ಯಾರೂ ಮನೆಗೆ ತರಬೇಡಿ. ನಾನು ಬಫ್ ಅನ್ನುವ ತಿಳಿ ಹಳದಿ-ಕಂದು ಬಣ್ಣಕ್ಕೆ ಬೂದಿ ಬಣ್ಣ ಬೆರೆಸಿಯೇ ಸಾಧಿಸಿದೆ.

ಬಾಂಡ್ಲಿಯನ್ನು ಮಾತ್ರೆ ಪಟ್ಟಿಯ ಹಿಂದಿನ ಹಾಳೆಯಿಂದ ಒತ್ತಿ ಮಾಡಿದ್ದು. ಪ್ರೈಮರ್ ಇಲ್ಲದೆ ಅದಕ್ಕೆ ಬಣ್ಣ ಹಿಡಿಯಲ್ಲ. ಕಂಠದ ಒಂದು ಕಡೆ ನೆಗ್ಗಿಸಿದೆ, ಜೀವ ಬಂತು.

ಮುಗಿದ ಮೇಲೆ ಅಂಚು ಮುಟ್ಟಬೇಡಿ, ಪೆನ್ಸಿಲ್ ಪುಡಿ ಕೈಗೆ ಬರುತ್ತದೆ. ಚಿಮಟದಲ್ಲಿ ಕಾವು ಹಿಡಿದೇ ಎತ್ತಿ.