ಒಂದೇ ಫೋನ್ ಇರುವ ಮನೆಗಳಲ್ಲಿ

ನಾನು ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಮಕ್ಕಳ ಅಮ್ಮಂದಿರಲ್ಲಿ ತುಂಬಾ ಜನ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. 2020ರಲ್ಲಿ ಕೊರೊನಾ ಬಂದು ಆನ್‌ಲೈನ್ ಪಾಠ ಶುರುವಾದಾಗ ಚೀಟಿ ಎತ್ತಿ, ಸಾಲ ಮಾಡಿ ಸ್ಮಾರ್ಟ್‌ಫೋನ್ ತಂದವರು ಇವರು. ತನ್ನಿ ಅಂತ ಹೇಳಿದ್ದು ನಾವೇ. ಹಾಗಾಗಿ ಅದರಿಂದ ಮಕ್ಕಳಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುವುದನ್ನು ಹೇಳಿಕೊಡುವುದೂ ನಮ್ಮ ಕೆಲಸವೇ ಅಲ್ವಾ?

ಮೊದಲ ಸಲ ನಾನು ಮಾಡಿದ್ದು ಭಾಷಣ. ಪೋಷಕರ ಸಭೆಯಲ್ಲಿ ಪ್ರೊಜೆಕ್ಟರ್ ಹಾಕಿ ಮುಕ್ಕಾಲು ಗಂಟೆ ಮಾತಾಡಿದೆ. ಮಕ್ಕಳ ಫೋನ್ ಮೇಲೆ ಪೋಷಕರು ಕಣ್ಣಿಡುವ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ, ಮಕ್ಕಳ ಫೋನಿಗೆ ಟೈಮ್ ಲಿಮಿಟ್ ಇಡಿ ಅಂತೆಲ್ಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಕೊನೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಮಿಸ್ಸೇ, ನಮ್ ಮನೇಲಿ ಇರದೇ ಒಂದ್ ಫೋನು. ಅದು ನಂದೇ. ಅದ್ಕೆ ಹೆಂಗ್ ಹಾಕದು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗುವಿಗೇ ಬೇರೆ ಫೋನು, ಬೇರೆ ಗೂಗಲ್ ಖಾತೆ ಇದ್ದರೆ ಫ್ಯಾಮಿಲಿ ಲಿಂಕ್ ಒಳ್ಳೆಯದೇ. ನಮ್ಮೂರಿನ ಮನೆಗಳಲ್ಲಿ ಅಮ್ಮನ ಸಂಬಳ ಬರುವುದು, ಸಂಘದ ಗ್ರೂಪು, ಮಗನ ಗೇಮು, ಮಗಳ ಹೋಮ್‌ವರ್ಕು ಎಲ್ಲವೂ ಅದೇ ಒಂದು ಫೋನಿನಲ್ಲಿ.

ಅದಾಗಿ ಸ್ವಲ್ಪ ದಿನಕ್ಕೆ ಇನ್ನೊಬ್ಬ ತಾಯಿ ಅಳುತ್ತಾ ಬಂದರು. ಖಾತೆಯಿಂದ ಒಂದು ತಿಂಗಳಲ್ಲಿ ಆರು ಸಾವಿರಕ್ಕೂ ಜಾಸ್ತಿ ಹೋಗಿತ್ತು. ಎಂಟನೇ ಕ್ಲಾಸಿನ ಮಗ ಗೇಮಿನಲ್ಲಿ ದುಡ್ಡಿನ ಹಾಗೆ ಬಳಸುವ ಡೈಮಂಡ್ ಕೊಂಡಿದ್ದ. ಪಿನ್ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅಮ್ಮನಿಗೆ ಯುಪಿಐ ಹಾಕಿಕೊಟ್ಟು, ಪಿನ್ ಇಟ್ಟುಕೊಟ್ಟಿದ್ದೇ ಅವನು. ಅವನು ಹುಟ್ಟಿದ ಇಸವಿಯೇ ಪಿನ್. ಬ್ಯಾಂಕಿನ ಮೆಸೇಜುಗಳನ್ನೂ ಅವನೇ ಅಳಿಸುತ್ತಿದ್ದ. ಆ ಹುಡುಗ ಕೆಟ್ಟವನಲ್ಲ. ಮನೆಯಲ್ಲಿ ಫೋನ್ ಗೊತ್ತಿದ್ದವನು ಅವನೊಬ್ಬನೇ, ಅಷ್ಟೇ.

ಆಮೇಲೆ ಭಾಷಣ ಬಿಟ್ಟೆ. ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಟ್ಟೆ ಒಗೆದು ಮುಗಿಸಿದ ಮೇಲೆ ಬನ್ನಿ ಅಂದೆ. ಮೊದಲ ಸಲ ಬಂದದ್ದು ಏಳು ಜನ. ಎಲ್ಲರೂ ಫೋನ್ ಕೈಯಲ್ಲಿ ಹಿಡಿದು ಕೂರಬೇಕು. ಒಂದು ದಿನಕ್ಕೆ ಮೂರೇ ಸೆಟ್ಟಿಂಗ್. ನಾನು ಯಾರ ಫೋನನ್ನೂ ಮುಟ್ಟುವುದಿಲ್ಲ. ಅವರ ಬೆರಳೇ ಒತ್ತಬೇಕು. ಈ ನಿಯಮ ನನಗೆ ಬಹಳ ಮುಖ್ಯ. ನಾನು ಮಾಡಿಕೊಟ್ಟರೆ ಮಗ ಮಾಡಿಕೊಟ್ಟ ಹಾಗೇ ಆಗುತ್ತದೆ.

ಮೊದಲ ದಿನ ಯುಪಿಐ ಪಿನ್ ಬದಲಾಯಿಸಿದೆವು. ಪ್ಲೇ ಸ್ಟೋರಿನಲ್ಲಿ ಏನು ಕೊಂಡರೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಇಟ್ಟೆವು. ಮೂರನೆಯದು ಅವರಿಗೆಲ್ಲ ತುಂಬಾ ಹಿಡಿಸಿತು. ಆಂಡ್ರಾಯ್ಡ್ ಫೋನಿನ ಸೆಕ್ಯುರಿಟಿ ಸೆಟ್ಟಿಂಗಿನಲ್ಲಿ ಆ್ಯಪ್ ಪಿನ್ ಮಾಡುವ, ಅಂದರೆ ಒಂದೇ ಆ್ಯಪನ್ನು ಪರದೆ ಮೇಲೆ ಕಟ್ಟಿಹಾಕುವ ಸೌಲಭ್ಯ ಇದೆ. ಪಾಠದ ವಿಡಿಯೊ ತೆಗೆದು, ಪಿನ್ ಮಾಡಿ ಕೊಟ್ಟರೆ ಮಗು ಅದೇ ಆ್ಯಪಿನಲ್ಲಿ ಇರುತ್ತದೆ. ಹೊರಗೆ ಬರಲು ಲಾಕ್ ನಂಬರ್ ಕೇಳುವ ಹಾಗೆ ಅಲ್ಲೇ ಇಟ್ಟುಕೊಳ್ಳಬೇಕು. ಒಂದೇ ಫೋನ್ ಇರುವ ಮನೆಗೆ ಇಷ್ಟು ಉಪಯೋಗದ್ದು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಮುಂದಿನ ತಿಂಗಳು ವಾಟ್ಸಾಪ್. ಗ್ರೂಪಿಗೆ ಪರಿಚಯದವರು ಮಾತ್ರ ಸೇರಿಸುವ ಹಾಗೆ, ಗೊತ್ತಿಲ್ಲದ ನಂಬರಿನ ಕಾಲ್ ಬಂದರೆ ರಿಂಗ್ ಆಗದ ಹಾಗೆ, ಪ್ರೊಫೈಲ್ ಫೋಟೊ ಎಲ್ಲರಿಗೂ ಕಾಣದ ಹಾಗೆ ಮಾಡಿದೆವು.

ಸೆಟ್ಟಿಂಗ್ ಕಲಿಸಿದರೆ ಸಾಕು ಅಂತಲೇ ನಾನು ಅಂದುಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯಿಂದ ಅದು ಸಾಲದು ಅಂತ ತಿಳಿಯಿತು. ಅವಳ ಗುರುತು ಸಿಗುವಂಥದ್ದು ಏನನ್ನೂ ಇಲ್ಲಿ ಬರೆಯುವುದಿಲ್ಲ. ಗೇಮಿನ ಚಾಟಿನಲ್ಲಿ ತಾನೂ ಹುಡುಗಿ ಅಂತ ಹೇಳಿಕೊಂಡು ಯಾರೋ ಪರಿಚಯವಾಗಿದ್ದರು. ಯೂನಿಫಾರ್ಮಿನಲ್ಲಿರುವ ಫೋಟೊ ಕೇಳಿದರು. ಕಳಿಸಿದಳು. ಕುತ್ತಿಗೆಯ ಐಡಿ ಕಾರ್ಡಿನಲ್ಲಿ ಶಾಲೆ ಹೆಸರು ಓದುವ ಹಾಗಿತ್ತು. ಆಮೇಲೆ ಬೆದರಿಕೆ. ಮುಖವನ್ನು ಬೇರೆ ಕೆಟ್ಟ ಫೋಟೊಗೆ ಅಂಟಿಸಿ ಊರಿಗೆಲ್ಲ ಕಳಿಸುತ್ತೇನೆ ಅಂತ. ಐದು ವಾರ ಅವಳು ಯಾರಿಗೂ ಹೇಳಲಿಲ್ಲ. ಕೊನೆಗೆ ಅವಳ ಗೆಳತಿ ಬಂದು ನನಗೆ ಹೇಳಿದಳು.

ಯಾಕಮ್ಮ ಮನೆಯಲ್ಲಿ ಹೇಳಲಿಲ್ಲ ಅಂತ ಕೇಳಿದೆ. "ಫೋನ್ ಕಿತ್ಕೊಂಡು ಸ್ಕೂಲ್ ಬಿಡಿಸ್ತಾರೆ ಮಿಸ್" ಅಂದಳು. ಬೆದರಿಸಿದವನಿಗಿಂತ ಅಪ್ಪ ಅಮ್ಮನಿಗೇ ಅವಳು ಹೆಚ್ಚು ಹೆದರಿದ್ದಳು. ಅವನಿಗೆ ಬೇಕಾಗಿದ್ದೂ ಅದೇ.

ಅವತ್ತು ಮುಖ್ಯ ಶಿಕ್ಷಕರಿಗೆ ತಿಳಿಸಿ, ಅವಳ ತಾಯಿಯನ್ನು ಕರೆಸಿದೆವು. ಮಗುವಿಗೆ ಇಂಥ ತೊಂದರೆ ಆಗಿದೆ, ಅಥವಾ ಆಗಬಹುದು ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಮಗುವಿನ ಹೆಸರು ಎಲ್ಲೂ ಹೊರಗೆ ಬರಬಾರದು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಈ ಎರಡನೇ ಮಾತು ಕೇಳಿದ ಮೇಲೆ ಆ ತಾಯಿಗೆ ಉಸಿರು ಬಂದ ಹಾಗಾಯಿತು. ಗಾಬರಿಯಲ್ಲಿ ಚಾಟ್ ಅಳಿಸಲು ಹೊರಟಿದ್ದರು. ನಾನು ತಡೆದೆ. ಮೊದಲು ಎಲ್ಲದರ ಸ್ಕ್ರೀನ್‌ಶಾಟ್, ಆ ಖಾತೆಯ ಹೆಸರು, ತಾರೀಖು. ಆಮೇಲೆ ಬ್ಲಾಕ್. ದುಡ್ಡು ಕೊಡಬಾರದು, ಇನ್ನೊಂದು ಫೋಟೊ ಅಂತೂ ಕೊಡಲೇಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿದೆವು. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಹುಡುಗಿ ಶಾಲೆ ಬಿಡಲಿಲ್ಲ. ಈಗ ಪಿಯುಸಿಯಲ್ಲಿದ್ದಾಳೆ.

ಅಲ್ಲಿಂದ ನಮ್ಮ ಭಾನುವಾರದ ಸಭೆಯ ಮೊದಲ ಅರ್ಧ ಗಂಟೆ ಫೋನನ್ನು ಬ್ಯಾಗಿನಲ್ಲೇ ಇಡುತ್ತೇವೆ. ಇಬ್ಬಿಬ್ಬರು ಎದುರು ಬದುರು ಕೂರುತ್ತಾರೆ. ಒಬ್ಬರು ಮಗಳಾಗಿ, "ಅವ್ವ, ನಂಗೊಂದ್ ತಪ್ಪಾಗದೆ" ಅನ್ನಬೇಕು. ಇನ್ನೊಬ್ಬರು ಅಮ್ಮನಾಗಿ ಉತ್ತರ ಕೊಡಬೇಕು. ಮೊದಲ ಸಲ ಎಲ್ಲರ ಬಾಯಿಂದ ಬಂದ ಮಾತು ಒಂದೇ: "ಏನ್ ಮಾಡ್ಕೊಂಡೇ?" ಅದನ್ನು ಕೇಳಿ ಅವರೇ ಸುಮ್ಮನಾದರು. ಮಗಳಾಗಿ ಕೂತಿದ್ದವರೊಬ್ಬರು, "ಹಿಂಗಂದ್ರೆ ನಾನೂ ಹೇಳ್ತಿರ್ಲಿಲ್ಲ ಬುಡಿ" ಅಂದರು. ಆಮೇಲೆ ಎಲ್ಲರೂ ಸೇರಿ ಒಂದು ಮಾತು ಹುಡುಕಿದೆವು. "ಹೇಳಿದ್ದು ಒಳ್ಳೇದಾಯ್ತು ಕಣವ್ವ. ಫೋನ್ ಕಿತ್ಕೊಳಕಿಲ್ಲ, ಕೂತ್ಕೊ." ಇದನ್ನು ಬಾಯಿಪಾಠ ಮಾಡಿದ ಹಾಗೆ ಹತ್ತು ಸಲ ಹೇಳಿಸುತ್ತೇನೆ. ಸಿಟ್ಟು ಬಂದಾಗ ಬಾಯಿಗೆ ಬರುವುದು ರೂಢಿ ಇರುವ ಮಾತೇ ತಾನೇ.

ಮನೆಗೆ ಹೋಗಿ ಯಾವ ತೊಂದರೆ ಇಲ್ಲದಾಗಲೇ ಇದನ್ನು ಮಕ್ಕಳಿಗೆ ಹೇಳಿ ಅಂತ ಕಳಿಸುತ್ತೇನೆ. ಗಂಡುಮಕ್ಕಳಿಗೂ ಹೇಳಿ ಅಂತ ಒತ್ತಿ ಹೇಳುತ್ತೇನೆ. ಬೆದರಿಕೆ ಹುಡುಗರಿಗೂ ಬರುತ್ತದೆ, ಅವರು ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ.

ಈಗ ಬರುವವರು ಮೂವತ್ತರ ಹತ್ತಿರ ಇದ್ದಾರೆ. ಅಪ್ಪಂದಿರು ಮಾತ್ರ ಬರುತ್ತಿರಲಿಲ್ಲ. ಮಕ್ಕಳು ಹೆದರುವುದು ಜಾಸ್ತಿ ಅವರಿಗೇ. ಹಾಗಾಗಿ ಹೋದ ತಿಂಗಳಿಂದ ನಾನೇ ಅವರಿರುವ ಕಡೆ ಹೋಗುತ್ತಿದ್ದೇನೆ. ಸಂಜೆ ಹಾಲಿನ ಡೇರಿ ಹತ್ತಿರ, ಕ್ಯಾನು ಹಿಡಿದು ಸಾಲು ನಿಂತಿರುತ್ತಾರೆ. ಡೇರಿಯ ಕಾರ್ಯದರ್ಶಿ ಒಂದು ಬೆಂಚು ಹಾಕಿಕೊಟ್ಟಿದ್ದಾರೆ. ಮೊನ್ನೆ ಹಾಲು ಹಾಕಿ ಮುಗಿಸಿದ ಮೇಲೆ ನಾಲ್ಕು ಜನ ಉಳಿದುಕೊಂಡರು. ಒಬ್ಬರು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು, ಆಮೇಲೆ ಕೇಳಿದರು: "ಅದೇನೋ ಒಂದ್ ಮಾತ್ ಕಲ್ಸಿದ್ದೀರಂತಲ್ಲ ಮೇಡಂ, ನಮ್ಮನೆಯವಳು ಹೇಳ್ತಿದ್ಲು. ಇನ್ನೊಂದ್ಸಲ ಹೇಳಿ."